ಸ್ಪಿತಿಗೆ ಹೊರಟವರು ಶಿಮ್ಲಾದ ದಾರಿ ಹಿಡಿಯಲಿ

ಹಿಮಾಲಯ ನೋಡಲು ಹೊರಡುವ ಕನ್ನಡಿಗರ ಪಟ್ಟಿಯಲ್ಲಿ ಈಚಿನ ವರ್ಷಗಳಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಯ ಹೆಸರು ಮೇಲೆ ಬಂದಿದೆ. ಯೋಜನೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಒಂದು ವಾರದ ರಜೆ, ಮನಾಲಿಯವರೆಗೆ ಬಸ್ಸು, ಮರುದಿನ ಅಟಲ್ ಸುರಂಗ ದಾಟಿ ಚಂದ್ರತಾಲ್ ಸರೋವರದ ಬಳಿ ಡೇರೆಯಲ್ಲಿ ರಾತ್ರಿ, ಅಲ್ಲಿಂದ ಕುಂಜುಂ ಪಾಸ್ ಹತ್ತಿಳಿದು ಕಾಜಾ, ಇನ್ನೊಂದು ದಿನದಲ್ಲಿ ಕೀ ಗೊಂಪಾ ಎಂಬ ಬೌದ್ಧ ಮಠ, ಹಿಕ್ಕಿಂ, ಕೋಮಿಕ್, ಲಾಂಗ್‌ಜಾ, ಆಮೇಲೆ ಅದೇ ದಾರಿಯಲ್ಲಿ ವಾಪಸು. ಭೂಪಟ ಹರಡಿಕೊಂಡು ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮನಾಲಿಯಿಂದ ಕಾಜಾಕ್ಕೆ ಸುಮಾರು 200 ಕಿಲೋಮೀಟರು. ಶಿಮ್ಲಾ ಕಡೆಯಿಂದ ಕಿನ್ನೌರ್ ಬಳಸಿ ಹೋದರೆ ಅದರ ಎರಡರಷ್ಟಾಗುತ್ತದೆ. ಹತ್ತಿರದ ದಾರಿ ಇರುವಾಗ ಬಳಸುದಾರಿ ಯಾಕೆ ಎಂದು ಯಾರಾದರೂ ಕೇಳುವಂಥದ್ದೇ. ಆದರೆ ಸ್ಪಿತಿಯಂಥ ನಾಡಿಗೆ ಹೋಗುವಾಗ ದಾರಿಯನ್ನು ಕಿಲೋಮೀಟರುಗಳಲ್ಲಿ ಅಳೆಯುವುದೇ ಮೊದಲ ತಪ್ಪು. ಅಳೆಯಬೇಕಾದದ್ದು ಪ್ರತಿ ರಾತ್ರಿ ತಲೆಯೂರಿ ಮಲಗುವ ಊರಿನ ಎತ್ತರವನ್ನು. ಹಾಗೆ ಅಳೆದಾಗ ಶಿಮ್ಲಾದ ದೂರದ ದಾರಿಯೇ ಒಳಹೋಗಲು ಸರಿಯಾದ ಬಾಗಿಲು, ಮನಾಲಿ ಹೊರಬರಲು ಮಾತ್ರ ತಕ್ಕದ್ದು ಎಂಬುದು ಸ್ಪಷ್ಟವಾಗುತ್ತದೆ.

ಎತ್ತರದ ಲೆಕ್ಕವನ್ನು ನಮಗೆ ಗೊತ್ತಿರುವ ನೆಲದಿಂದಲೇ ಆರಂಭಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಶಿಮ್ಲಾ ಪಟ್ಟಣ ಇರುವುದೇ 2,200 ಮೀಟರ್ ಆಸುಪಾಸಿನಲ್ಲಿ. ಅಂದರೆ ನಮ್ಮ ರಾಜ್ಯದ ನೆತ್ತಿಗಿಂತ ಮೇಲೆ ಅಲ್ಲಿನ ಮಾರುಕಟ್ಟೆ ಇದೆ. ಸ್ಪಿತಿಯ ಮುಖ್ಯ ಊರಾದ ಕಾಜಾ ಸುಮಾರು 3,700 ಮೀಟರ್, ಕಿಬ್ಬರ್ 4,200ಕ್ಕೂ ಮೇಲೆ, ಕೋಮಿಕ್ 4,500ಕ್ಕೂ ಮೇಲೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇ 21ರಷ್ಟೇ. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಕಾಜಾದಲ್ಲಿ ಆ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ತುಸು ಕಡಿಮೆ. ಕೋಮಿಕ್‌ನಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಒಂದೊಂದು ಉಸಿರಿಗೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಅಷ್ಟರಮಟ್ಟಿಗೆ ಕುಗ್ಗುತ್ತದೆ. ದೇಹ ಇದಕ್ಕೆ ಕೂಡಲೇ ಕೊಡುವ ಉತ್ತರ ಹೆಚ್ಚು ಉಸಿರಾಡುವುದು. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಅದೇ ಉಸಿರಾಟದ ವೇಗಕ್ಕೆ ತಡೆಯನ್ನೂ ಒಡ್ಡುತ್ತದೆ. ಈ ತಡೆ ಸಡಿಲವಾಗಬೇಕಾದರೆ ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಬೇಕು. ಆ ಕೆಲಸಕ್ಕೆ ಗಂಟೆಗಳು ಸಾಲವು, ದಿನಗಳೇ ಬೇಕು. ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳು ಹಿಡಿಯುತ್ತವೆ. ನಿದ್ದೆಯಲ್ಲಿ ಉಸಿರಾಟ ತಾನಾಗಿಯೇ ಮಂದವಾಗುವುದರಿಂದ ರಾತ್ರಿಯ ಹೊತ್ತು ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ. ಹಗಲು ಎಷ್ಟು ಎತ್ತರ ಮುಟ್ಟಿದೆವು ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವು ಎನ್ನುವುದು ಹೆಚ್ಚು ಮುಖ್ಯವಾಗುವುದು ಈ ಕಾರಣಕ್ಕೆ.

ಈ ತಿಳಿವಳಿಕೆಯ ದೊಡ್ಡ ಭಾಗ ಬಂದದ್ದು ನಮ್ಮದೇ ಸೈನಿಕರ ಕಷ್ಟದಿಂದ. 1962ರ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಯೋಧರನ್ನು ವಿಮಾನಗಳಲ್ಲಿ ನೇರವಾಗಿ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಹಾಗೆ ಮೇಲಕ್ಕೆ ಹೋಗಿ ಕಾಯಿಲೆಬಿದ್ದ 1,925 ಸೈನಿಕರನ್ನು ಗಮನಿಸಿ ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 1969ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಮೂಲ ಬರಹಗಳಲ್ಲಿ ಒಂದು. ಅದರಲ್ಲಿದ್ದವರು ಆರಿಸಿ ತೆಗೆದ, ತರಬೇತಿ ಪಡೆದ, ಗಟ್ಟಿಮುಟ್ಟಾದ ಗಂಡಾಳುಗಳು ಎಂಬುದನ್ನು ಮರೆಯಬಾರದು. ತಲೆನೋವು, ಹೊಟ್ಟೆ ತೊಳೆಸುವುದು, ಊಟ ಬೇಡವಾಗುವುದು, ಸುಸ್ತು, ನಿದ್ದೆ ಹತ್ತದಿರುವುದು ಇವು ಎತ್ತರದ ಕಾಯಿಲೆಯ ಆರಂಭದ ಚಿಹ್ನೆಗಳು. ಹೆಚ್ಚಿನವರಿಗೆ ಇದು ಇಷ್ಟಕ್ಕೇ ನಿಂತು, ಅದೇ ಎತ್ತರದಲ್ಲಿ ಒಂದೆರಡು ದಿನ ವಿಶ್ರಮಿಸಿದರೆ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಇಲ್ಲವೇ ಮೆದುಳು ಊದಿಕೊಳ್ಳುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಒಂದು ಗಂಟೆಯೂ ಕಾಯದೆ ಕೆಳಗಿಳಿಸಬೇಕು. ಅದನ್ನು ಬಿಟ್ಟರೆ ಖಾತ್ರಿಯಾದ ಮದ್ದಿಲ್ಲ. ಇದನ್ನೆಲ್ಲ ತಡೆಯಲು ಪರ್ವತವೈದ್ಯರು ಒಪ್ಪಿರುವ ನಿಯಮ ಬಹಳ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ನಿಲ್ಲಬೇಕು.

ಈಗ ಈ ನಿಯಮವನ್ನು ಎರಡೂ ದಾರಿಗಳ ಮೇಲಿಟ್ಟು ನೋಡೋಣ. ಮನಾಲಿ ಸುಮಾರು 2,050 ಮೀಟರ್. ಚಂದ್ರತಾಲ್ ಸರೋವರ 4,250ರ ಆಸುಪಾಸು, ಡೇರೆಗಳು ಅದಕ್ಕಿಂತ ಒಂದಿಷ್ಟು ಕೆಳಗೆ. ಒಂದೇ ಹಗಲಿನಲ್ಲಿ ಮಲಗುವ ಎತ್ತರ ಎರಡು ಸಾವಿರ ಮೀಟರಿಗೂ ಹೆಚ್ಚು ಜಿಗಿಯುತ್ತದೆ, ನಿಯಮ ಹೇಳುವುದರ ನಾಲ್ಕು ಪಟ್ಟು. ಆ ರಾತ್ರಿ ಡೇರೆಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಕಾಜಾದ ಆಸ್ಪತ್ರೆಗೆ ಒಯ್ಯಲು ಮೊದಲು 4,550 ಮೀಟರಿನ ಕುಂಜುಂ ಏರಬೇಕು. ಇನ್ನೊಂದು ಕಡೆಗೆ ಇಳಿಯಬೇಕೆಂದರೆ ಬಾತಲ್, ಛತ್ರು ಮೂಲಕ ಚಂದ್ರಾ ನದಿಯ ಪಕ್ಕದ ಕಲ್ಲುಹಾಸಿನಂಥ ಒರಟು ದಾರಿಯಲ್ಲಿ ಕತ್ತಲಲ್ಲಿ ಗಂಟೆಗಟ್ಟಲೆ ಸಾಗಬೇಕು. ಕೆಳಗಿಳಿಯುವುದೇ ಮದ್ದಾಗಿರುವ ಕಾಯಿಲೆಗೆ ಇಳಿಯುವ ದಾರಿಯೇ ಕಷ್ಟವಾದ ಜಾಗದಲ್ಲಿ ಮೊದಲ ರಾತ್ರಿ ಕಳೆಯುವ ಯೋಜನೆ ಅದು. ಚಂದ್ರತಾಲ್ ಬಿಟ್ಟು ಒಂದೇ ದಿನದಲ್ಲಿ ನೇರ ಕಾಜಾ ಸೇರಿದರೂ ಏರಿಕೆ 1,600 ಮೀಟರಿಗೂ ಹೆಚ್ಚು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಲಾಹೌಲಿನ ಜನರ ಬದುಕನ್ನೇ ಬದಲಿಸಿದ ದೊಡ್ಡ ಕೆಲಸ. ರೋಹ್ತಾಂಗ್ ಪಾಸ್ ಹಿಮದಲ್ಲಿ ಮುಚ್ಚಿಹೋದಾಗ ರೋಗಿಯೊಬ್ಬನನ್ನು ಕುಲ್ಲುವಿಗೆ ಸಾಗಿಸಲಾಗದೆ ಒದ್ದಾಡುತ್ತಿದ್ದ ಕಾಲ ಅದರಿಂದ ಹೋಯಿತು. ಪ್ರವಾಸಿಯ ಮಟ್ಟಿಗೆ ಮಾತ್ರ ಅದು ಒಂದು ಹೊಸ ಅಪಾಯವನ್ನೂ ತಂದಿದೆ. ರಸ್ತೆಯ ಗಂಟೆಗಳು ಕಡಿಮೆಯಾದವು, ಮೂತ್ರಪಿಂಡಕ್ಕೆ ಬೇಕಾದ ದಿನಗಳು ಕಡಿಮೆಯಾಗಲಿಲ್ಲ.

ಶಿಮ್ಲಾ ಕಡೆಯ ಲೆಕ್ಕ ಬೇರೆಯೇ. ಶಿಮ್ಲಾದಲ್ಲಿ 2,200. ಅಲ್ಲಿಂದ ಸಟ್ಲೆಜ್ ಕಣಿವೆಗಿಳಿದು ಮತ್ತೆ ಏರಿ ಸರಾಹನ್ ಸೇರಿದರೆ ಹೆಚ್ಚುಕಡಿಮೆ ಅದೇ ಎತ್ತರ. ಸಾಂಗ್ಲಾದಲ್ಲಿ 2,700ರ ಹತ್ತಿರ ಎರಡು ರಾತ್ರಿ. ನಡುವಿನ ಹಗಲು 3,450 ಮೀಟರಿನ ಛಿತ್ಕುಲ್‌ಗೆ ಹೋಗಿಬಂದರೆ ದೇಹಕ್ಕೆ ಮೇಲಿನ ಗಾಳಿಯ ಪರಿಚಯವಾಗುತ್ತದೆ, ಮಲಗುವುದು ಮಾತ್ರ ಕೆಳಗೆ. ಮುಂದೆ ಕಲ್ಪಾ, 2,900ರ ಆಸುಪಾಸು. ಆ ಬಳಿಕ ಎಲ್ಲರೂ ನಾಕೊದಲ್ಲಿ ತಂಗಲು ಆಸೆಪಡುತ್ತಾರೆ, ಆ ಪುಟ್ಟ ಸರೋವರದ ಊರು ಚೆಂದವೂ ಹೌದು. ಆದರೆ ಅದು 3,650ರ ಮೇಲಿದೆ. ನಾಕೊವನ್ನು ಹಗಲಲ್ಲೇ ನೋಡಿ ಇಳಿದು 3,280 ಮೀಟರಿನ ತಾಬೊದಲ್ಲಿ ಮಲಗುವುದು ಹೆಚ್ಚು ಜಾಣತನ. ತಾಬೊದಿಂದ ಕಾಜಾಕ್ಕೆ ಏರಿಕೆ ನಾನೂರು ಮೀಟರ್ ಚಿಲ್ಲರೆ. ಕಾಜಾದಲ್ಲಿ ಮೂರು ರಾತ್ರಿ ನಿಂತು, ಹಗಲಲ್ಲಿ ಮೇಲಿನ ಊರುಗಳನ್ನು ನೋಡಿಬಂದು, ಕೊನೆಯಲ್ಲಿ ಕುಂಜುಂ ದಾಟಿ ಚಂದ್ರತಾಲ್ ಸೇರುವ ಹೊತ್ತಿಗೆ ದೇಹ ಸಿದ್ಧವಾಗಿರುತ್ತದೆ. ಮರುದಿನ ಹೇಗೂ ಮನಾಲಿಗೆ ಇಳಿಯುವುದೇ ಇದೆ. ಇಡೀ ದಾರಿಯಲ್ಲಿ ನಿಯಮವನ್ನು ಮುರಿಯುವ ರಾತ್ರಿ ಹೆಚ್ಚೆಂದರೆ ಒಂದು, ಅದೂ ಅಲ್ಪಸ್ವಲ್ಪ. ಕಿನ್ನೌರಿನ ಭೂಗೋಳವೇ ನಮಗೆ ಇಂಥದ್ದೊಂದು ಮೆಟ್ಟಿಲುಸಾಲನ್ನು ಕೊಟ್ಟಿರುವಾಗ ಅದನ್ನು ಬಿಟ್ಟು ಇನ್ನೊಂದು ಕಡೆಯಿಂದ ಗೋಡೆ ಹತ್ತುವುದರಲ್ಲಿ ಅರ್ಥವಿಲ್ಲ.

ಶಿಮ್ಲಾವನ್ನು ಕೇವಲ ಬಸ್ಸು ಬದಲಿಸುವ ಜಾಗವೆಂದು ನೋಡಬೇಕಾಗಿಲ್ಲ. 1864ರಿಂದ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯಾಗಿದ್ದ ಊರು ಅದು. 1888ರಲ್ಲಿ ವೈಸರಾಯ್‌ಗಾಗಿ ಕಟ್ಟಿದ ಭವನದಲ್ಲಿ ಈಗ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಇದೆ. 1903ರಲ್ಲಿ ಓಡಾಟ ಆರಂಭಿಸಿದ ಕಾಲ್ಕಾ–ಶಿಮ್ಲಾ ಕಿರುಹಳಿಯ ರೈಲು 96 ಕಿ.ಮೀ. ದೂರಕ್ಕೆ ನೂರಕ್ಕೂ ಹೆಚ್ಚು ಸುರಂಗಗಳನ್ನು ಹಾಯ್ದು, 656 ಮೀಟರಿನಿಂದ 2,076 ಮೀಟರಿಗೆ ಐದು ಗಂಟೆಯ ಆಸುಪಾಸಿನಲ್ಲಿ ಏರುತ್ತದೆ. 2008ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ರೈಲಿಗಿಂತ ಟ್ಯಾಕ್ಸಿ ಬೇಗ ತಲುಪಿಸುತ್ತದೆ ಎನ್ನುವವರಿದ್ದಾರೆ. ನಿಜ, ಆದರೂ ಹೋಗುವಾಗ ಒಮ್ಮೆಯಾದರೂ ರೈಲೇ ಹತ್ತಿ. ಶಿಮ್ಲಾದಲ್ಲಿ ಒಂದು ರಾತ್ರಿ, ಬೇಕಿದ್ದರೆ ಎರಡು ಸಾಕು. ಮೇ ಮತ್ತು ಜೂನ್‌ನಲ್ಲಿ ಈ ಊರು ತಾಳಲಾರದಷ್ಟು ಜನ ಅಲ್ಲಿರುತ್ತಾರೆ. 2018ರ ಮೇ ತಿಂಗಳಲ್ಲಿ ಅಲ್ಲಿನ ನಲ್ಲಿಗಳು ಬತ್ತಿ, ಟ್ಯಾಂಕರುಗಳ ಮುಂದೆ ಸರದಿ ನಿಂತ ನಿವಾಸಿಗಳೇ ಪ್ರವಾಸಿಗರು ಸದ್ಯ ಬರಬೇಡಿ ಎಂದು ಬೇಡಿಕೊಂಡದ್ದನ್ನು ನೆನಪಿಡಬೇಕು. ಅಲ್ಲಿ ಕಳೆಯುವ ಮೂರನೇ ರಾತ್ರಿಯನ್ನು ಕಿನ್ನೌರಿನ ಹಳ್ಳಿಯೊಂದಕ್ಕೆ ಕೊಟ್ಟರೆ ಎರಡೂ ಕಡೆಯವರಿಗೆ ಒಳ್ಳೆಯದು.

ಕಿನ್ನೌರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸ್ಪಿತಿಯ ಆತುರದಲ್ಲಿ ಹೆಚ್ಚು ಅನ್ಯಾಯವಾಗುತ್ತಿರುವುದು ಅದಕ್ಕೆ. 1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಆರಂಭವಾದ ಹಿಂದೂಸ್ತಾನ್–ಟಿಬೆಟ್ ರಸ್ತೆಯ ಜಾಡಿನಲ್ಲೇ ಇಂದಿನ ಹೆದ್ದಾರಿ ಸಟ್ಲೆಜ್ ನದಿಯ ಜೊತೆ ಸಾಗುತ್ತದೆ. ಸರಾಹನ್‌ನ ಭೀಮಾಕಾಳಿ ದೇವಾಲಯದಲ್ಲಿ ಮರದ ತೊಲೆ ಮತ್ತು ಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ಹೆಣೆದು ಗೋಡೆ ಎಬ್ಬಿಸುವ ಕಾಠ್‌ಕುಣಿ ಕಟ್ಟಡಕಲೆಯ ಉತ್ತಮ ಮಾದರಿ ಇದೆ. ಭೂಕಂಪದ ನಾಡಿನಲ್ಲಿ ಅಲುಗಾಡಿದರೂ ಉರುಳದಿರಲು ಕಂಡುಕೊಂಡ ಉಪಾಯ ಅದು. ಬಾಸ್ಪಾ ನದಿಯ ಸಾಂಗ್ಲಾ ಕಣಿವೆಯಲ್ಲಿ ದೇವದಾರು, ಅಕ್ರೋಟು, ಏಪ್ರಿಲ್‌ನಲ್ಲಿ ಹೂಬಿಟ್ಟು ಸೆಪ್ಟೆಂಬರ್ ಕೊನೆಗೆ ಕೆಂಪಾಗುವ ಸೇಬಿನ ತೋಟಗಳು. ಕಲ್ಪಾದಲ್ಲಿ ನಿಂತರೆ ಕಣಿವೆಯ ಆಚೆಬದಿಗೆ ಆರು ಸಾವಿರ ಮೀಟರ್ ಮೀರಿದ ಕಿನ್ನರ ಕೈಲಾಸದ ಸಾಲು ನೇರ ಎದುರಿಗಿರುತ್ತದೆ. ಅಷ್ಟು ದೊಡ್ಡ ಹಿಮಶಿಖರಗಳನ್ನು ಅಷ್ಟು ಹತ್ತಿರದಿಂದ, ಯಾವ ಚಾರಣವೂ ಇಲ್ಲದೆ, ಉಸಿರಾಟದ ತೊಂದರೆಯೂ ಇಲ್ಲದ ಎತ್ತರದಲ್ಲಿ ನಿಂತು ನೋಡಬಹುದಾದ ಊರುಗಳು ದೇಶದಲ್ಲಿ ಕೆಲವೇ. ಸ್ವತಂತ್ರ ಭಾರತದ ಮೊದಲ ಮತದಾರ ಎಂದು ಹೆಸರಾದ ಶ್ಯಾಮ್ ಸರಣ್ ನೇಗಿ ಕಲ್ಪಾದವರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ದೇಶದ ಹೆಚ್ಚಿನ ಭಾಗ 1952ರಲ್ಲಿ ಮತ ಹಾಕಿದರೆ, ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ, 1951ರ ಅಕ್ಟೋಬರಿನಲ್ಲಿ ಮತದಾನ ನಡೆಸಲಾಯಿತು. ಚುನಾವಣಾ ಆಯೋಗವೇ ತನ್ನ ದಿನಾಂಕವನ್ನು ಈ ಬೆಟ್ಟಗಳ ಋತುವಿಗೆ ಹೊಂದಿಸಿಕೊಂಡಿತ್ತು. ಕಲ್ಪಾದಿಂದ ಮೇಲಕ್ಕೆ ಕಾಡು ತೆಳುವಾಗಿ ಚಿಲ್ಗೋಜಾ ಪೈನ್ ಮರಗಳು ಮಾತ್ರ ಉಳಿಯುತ್ತವೆ, ಆಮೇಲೆ ಅವೂ ಇಲ್ಲ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುವ ಹೊತ್ತಿಗೆ ಬರೀ ಬಂಡೆ, ಮಣ್ಣು, ಬೆಳಕು. ಮುಂಗಾರಿನ ಮೋಡ ದಾಟಲಾರದ ಗೋಡೆಯ ಆಚೆಗೆ ಬಂದಿದ್ದೇವೆ ಎಂಬುದು ಪುಸ್ತಕ ಓದದವರಿಗೂ ತಿಳಿಯುತ್ತದೆ. ಮನಾಲಿಯಿಂದ ಹೋದವರಿಗೆ ಈ ಬದಲಾವಣೆ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಅದನ್ನು ದಿನದಿಂದ ದಿನಕ್ಕೆ ನೋಡುತ್ತಾ ಹೋಗಬಹುದು.

ತಾಬೊ ಗೊಂಪಾ ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ಮಣ್ಣಿನ ಗೋಡೆಗಳ ಸಾಧಾರಣ ಕಟ್ಟಡ. ಒಳಗೆ ಸಾವಿರ ವರ್ಷ ಹಳೆಯ ಭಿತ್ತಿಚಿತ್ರಗಳು, ಗಾರೆಯಲ್ಲಿ ಮೂಡಿಸಿದ ವಿಗ್ರಹಗಳು. ಒಳಗೆ ಫೋಟೊ ತೆಗೆಯುವಂತಿಲ್ಲ, ಬೆಳಕು ಮಂದ, ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. 1975ರ ಜನವರಿಯ ಕಿನ್ನೌರ್ ಭೂಕಂಪದಲ್ಲಿ ಈ ಭಾಗ ತತ್ತರಿಸಿತ್ತು, ಹಾಗಿದ್ದೂ ಇವು ಉಳಿದುಬಂದಿವೆ. ಕಾಜಾದಿಂದ ಮೇಲಿರುವ ಲಾಂಗ್‌ಜಾದ ಬೆಟ್ಟಗಳಲ್ಲಿ ಟೆಥಿಸ್ ಸಮುದ್ರದ ಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಅವನ್ನು ಆಯ್ದು ತರುವುದಾಗಲೀ ಕೊಳ್ಳುವುದಾಗಲೀ ಬೇಡ. ಚಂದ್ರತಾಲ್ 2005ರಿಂದ ರಾಮ್‌ಸಾರ್ ಪಟ್ಟಿಯಲ್ಲಿರುವ ಜೌಗುತಾಣ. ಕೆರೆಯಂಚಿನಲ್ಲಿ ಡೇರೆ ಹಾಕದೆ ದೂರದಲ್ಲಿ ಹಾಕುವ ನಿಯಮ ಬಂದದ್ದು ಅದನ್ನು ಉಳಿಸಿಕೊಳ್ಳುವುದಕ್ಕೇ.

ಶಿಮ್ಲಾದ ದಾರಿಯ ಪರವಾಗಿ ಇನ್ನೊಂದು ಕಾರಣವಿದೆ, ಅದು ಕರ್ನಾಟಕದ ಕುಟುಂಬಗಳಿಗೆ ನೇರ ಸಂಬಂಧಿಸಿದ್ದು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆ ಹೊತ್ತಿಗೆ ಕುಂಜುಂ ಪಾಸ್ ಹಿಮದಡಿ ಇರುತ್ತದೆ. ಗಡಿ ರಸ್ತೆಗಳ ಸಂಸ್ಥೆಯವರು ಹಿಮ ಸರಿಸಿ ದಾರಿ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಆ ತಿಂಗಳುಗಳಲ್ಲಿ ಮನಾಲಿ ಬಾಗಿಲು ಮುಚ್ಚಿರುತ್ತದೆ, ಕಿನ್ನೌರ್ ಬಾಗಿಲು ಮಾತ್ರ ತೆರೆದಿರುತ್ತದೆ. ಬೇಸಿಗೆಯಲ್ಲಿ ಹೋಗುವವರು ಶಿಮ್ಲಾದಿಂದ ಹೋಗಿ ಶಿಮ್ಲಾಕ್ಕೇ ಮರಳುವಂತೆ ಲೆಕ್ಕ ಹಾಕಬೇಕು. ಎರಡೂ ಬಾಗಿಲು ತೆರೆದಿದ್ದು, ಮಳೆಯ ಕಾಟವೂ ಕಡಿಮೆ ಇರುವ ಕಾಲ ಜೂನ್ ಮಧ್ಯಭಾಗ ಮತ್ತು ಸೆಪ್ಟೆಂಬರ್. ದಸರಾ ರಜೆಯಲ್ಲಿ, ಅಕ್ಟೋಬರ್ ಆರಂಭದಲ್ಲಿ, ಹೋಗುವುದಾದರೆ ಕಿನ್ನೌರ್ ಅತ್ಯಂತ ಸೊಗಸಾಗಿರುತ್ತದೆ, ಆದರೆ ಕುಂಜುಂನಲ್ಲಿ ಯಾವ ದಿನವಾದರೂ ಹಿಮ ಬಿದ್ದು ದಾರಿ ಮುಚ್ಚಬಹುದು. ಆಗ ಬಂದ ದಾರಿಯಲ್ಲೇ ಮರಳುವ ಸಿದ್ಧತೆ ಇರಬೇಕು. ದಾರಿ ತೆರೆದಿದ್ದು ಮನಾಲಿಗೆ ಇಳಿದವರಿಗೆ ಕುಲ್ಲುವಿನ ದಸರಾ ನೋಡಲು ಸಿಕ್ಕರೂ ಸಿಗಬಹುದು; ಮೈಸೂರಿನಲ್ಲಿ ಉತ್ಸವ ಮುಗಿಯುವ ವಿಜಯದಶಮಿಯ ದಿನವೇ ಅಲ್ಲಿ ಅದು ಶುರುವಾಗಿ ಏಳು ದಿನ ನಡೆಯುತ್ತದೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಖಾಸಗಿ ಕಂಪನಿಯಲ್ಲಿ ದುಡಿಯುವವರಿಗೆ ಒಂದೇ ಸಲ ಎರಡು ವಾರ ರಜೆ ಯಾರು ಕೊಡುತ್ತಾರೆ? ಇದು ಹುರುಳಿರುವ ಪ್ರಶ್ನೆಯೇ. ಶಿಮ್ಲಾದಿಂದ ಮನಾಲಿಯವರೆಗೆ ಮೇಲೆ ಹೇಳಿದಂತೆ ಸುತ್ತಲು ಹನ್ನೊಂದು ರಾತ್ರಿಗಳಾದರೂ ಬೇಕು, ದಾರಿ ಕಟ್ಟಾದರೆಂದು ಇನ್ನೆರಡು ದಿನ ಕೈಯಲ್ಲಿರಬೇಕು. ಅಷ್ಟು ರಜೆ ಇಲ್ಲದವರಿಗೆ ನನ್ನ ಉತ್ತರ ನೇರವಾದದ್ದು: ಏಳು ದಿನವಷ್ಟೇ ಇದ್ದರೆ ಸ್ಪಿತಿಯನ್ನು ಈ ಸಲ ಬಿಡಿ. ಶಿಮ್ಲಾ, ಸರಾಹನ್, ಸಾಂಗ್ಲಾ, ಕಲ್ಪಾ ಮಾಡಿ ಮರಳಿ. ಆರು ರಾತ್ರಿಗಳಲ್ಲಿ ಅದು ನೆಮ್ಮದಿಯಾಗಿ ಮುಗಿಯುತ್ತದೆ, ಹಿಮಶಿಖರ, ದೇವದಾರು, ನದಿ, ಹಳೆಯ ಊರುಗಳು ಎಲ್ಲ ಸಿಗುತ್ತವೆ, ಯಾವ ರಾತ್ರಿಯೂ 3,000 ಮೀಟರ್ ದಾಟುವುದಿಲ್ಲ. ಅರವತ್ತು ದಾಟಿದ ತಂದೆತಾಯಿಯನ್ನು ಕರೆದೊಯ್ಯುವವರಿಗಂತೂ ಇದಕ್ಕಿಂತ ಒಳ್ಳೆಯ ಯೋಜನೆ ಇಲ್ಲ. ತಲೆ ಸಿಡಿಯುತ್ತಿರುವಾಗ ಹಿಕ್ಕಿಂನ ಪ್ರಸಿದ್ಧ ಅಂಚೆ ಕಚೇರಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊಗಿಂತ ಕಲ್ಪಾದ ಎರಡು ಬೆಳಗುಗಳು ಹೆಚ್ಚು ಬೆಲೆಯವು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಎರಡನೆಯದು ತಾರುಣ್ಯದ ಆತ್ಮವಿಶ್ವಾಸ. ದಿನಾ ಓಡುತ್ತೇವೆ, ಜಿಮ್‌ಗೆ ಹೋಗುತ್ತೇವೆ, ಕುಮಾರಪರ್ವತ ಹತ್ತಿಳಿದಿದ್ದೇವೆ, ನಮಗೇನಾಗುತ್ತದೆ ಎನ್ನುವವರು ಬಹಳ. 1969ರ ಅಧ್ಯಯನದಲ್ಲಿದ್ದ ಸೈನಿಕರೇ ಇದಕ್ಕೆ ಉತ್ತರ. ದೇಹದಾರ್ಢ್ಯ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ; ಗಟ್ಟಿಮುಟ್ಟಾದವರು ಲಕ್ಷಣಗಳನ್ನು ಲೆಕ್ಕಿಸದೆ ಮುಂದೆ ಸಾಗುವ ಸಂಭವವೇ ಹೆಚ್ಚು. ಅಸೆಟಜೋಲಮೈಡ್, ಅಂದರೆ ಡಯಾಮಾಕ್ಸ್ ಮಾತ್ರೆ ಇದೆಯಲ್ಲ ಎನ್ನುವ ಮಾತೂ ಉಂಟು. ಅದು ಒಳ್ಳೆಯ ಔಷಧಿಯೇ. ಬೈಕಾರ್ಬೊನೇಟನ್ನು ಹೊರಹಾಕುವ ಮೂತ್ರಪಿಂಡದ ಕೆಲಸವನ್ನೇ ಅದು ಚುರುಕುಗೊಳಿಸುತ್ತದೆ, ಆದ್ದರಿಂದ ಅನಿವಾರ್ಯವಾಗಿ ಬೇಗ ಏರಬೇಕಾದವರಿಗೆ ವೈದ್ಯರು ಮುಂಚಿನ ದಿನದಿಂದಲೇ ಕೊಡುತ್ತಾರೆ. ಆದರೆ ಅದು ದಿನಗಳ ಬದಲಿಗೆ ನಿಲ್ಲುವ ಮಾತ್ರೆಯಲ್ಲ; ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು ಟಿಕೆಟ್ ತೆಗೆಯುವ ಮೊದಲೇ ತಮ್ಮ ವೈದ್ಯರ ಬಳಿ ಮಾತಾಡುವುದು ಕ್ಷೇಮ.

ಲೇಹ್‌ಗೆ ಎಷ್ಟೋ ಜನ ವಿಮಾನದಲ್ಲೇ ಇಳಿಯುತ್ತಾರಲ್ಲ, ಅವರಿಗೇನೂ ಆಗುವುದಿಲ್ಲವಲ್ಲ ಎಂಬುದು ಮೂರನೆಯ ಆಕ್ಷೇಪ. ಲೇಹ್‌ನಲ್ಲಿ ಇಳಿದವರಿಗೆ ಮೊದಲ ಎರಡು ದಿನ ಊರು ಬಿಟ್ಟು ಮೇಲೆ ಹೋಗಬೇಡಿ, ಮಲಗಿ, ನೀರು ಕುಡಿಯಿರಿ ಎಂದು ಹೇಳುವುದು ಅಲ್ಲಿ ರೂಢಿಯಾಗಿದೆ, ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇದೆ, ದಿನವೂ ವಿಮಾನಗಳಿವೆ. ಕಾಜಾದಲ್ಲಿ ವಿಮಾನನಿಲ್ದಾಣವಿಲ್ಲ, ಆಸ್ಪತ್ರೆ ಸಣ್ಣದು, ಮನಾಲಿಯಿಂದ ಬಂದ ಪ್ರವಾಸಿ ಮರುಬೆಳಗ್ಗೆಯೇ ಕೋಮಿಕ್‌ಗೆ ಹೊರಡುತ್ತಾನೆ. ಲೇಹ್‌ನ ಉದಾಹರಣೆಯನ್ನು ಒಪ್ಪುವುದಾದರೆ ಅದರ ಎರಡು ದಿನದ ವಿಶ್ರಾಂತಿಯನ್ನೂ ಒಪ್ಪಬೇಕು. ಮನಾಲಿಯಿಂದಲೇ ಒಳಹೋಗಬೇಕಾದ ಅನಿವಾರ್ಯ ಇರುವವರು ಸುರಂಗ ದಾಟಿದ ಕೂಡಲೇ ಸಿಗುವ ಸಿಸ್ಸು ಅಥವಾ ಇನ್ನೂ ಮುಂದಿನ ಕೇಲಾಂಗ್‌ನಲ್ಲಿ, ಎಂದರೆ 3,100 ಮೀಟರಿನ ಆಸುಪಾಸಿನಲ್ಲಿ, ಎರಡು ರಾತ್ರಿ ತಂಗಿ ಆಮೇಲೆ ಕಾಜಾ ಕಡೆ ತಿರುಗಲಿ. ಚಂದ್ರತಾಲ್ ಮರಳುವಾಗ ನೋಡಲು ಇರಲಿ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ರಸ್ತೆಯದ್ದು. ಕಿನ್ನೌರಿನ ಹೆದ್ದಾರಿಯೇ ಅಪಾಯದ್ದಲ್ಲವೇ? ಹೌದು. 2021ರ ಜುಲೈನಲ್ಲಿ ಸಾಂಗ್ಲಾ ಕಣಿವೆಯ ಬಟ್ಸೇರಿ ಬಳಿ ಬಂಡೆಗಳು ಉರುಳಿ ಒಂಬತ್ತು ಪ್ರವಾಸಿಗರು ಸತ್ತರು. ಮರುತಿಂಗಳು ನಿಗುಲ್‌ಸರಿಯಲ್ಲಿ ಬೆಟ್ಟ ಕುಸಿದು ಬಸ್ಸು ಮತ್ತಿತರ ವಾಹನಗಳಲ್ಲಿದ್ದ 28 ಮಂದಿ ಬಲಿಯಾದರು. ಸಟ್ಲೆಜ್ ಕಣಿವೆಯಲ್ಲಿ ಸಾಲುಸಾಲಾಗಿ ಎದ್ದ ಜಲವಿದ್ಯುತ್ ಯೋಜನೆಗಳ ಸುರಂಗಗಳು ಬೆಟ್ಟಗಳನ್ನು ಸಡಿಲಗೊಳಿಸಿವೆ ಎಂಬ ಸ್ಥಳೀಯರ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಎರಡೂ ದುರಂತಗಳು ಮಳೆಗಾಲದವು. ಮನಾಲಿ ಬದಿಯೂ ಆ ತಿಂಗಳುಗಳಲ್ಲಿ ಸುರಕ್ಷಿತವಲ್ಲ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಕುಲ್ಲು–ಮನಾಲಿಯ ರಸ್ತೆಗಳು ಕೊಚ್ಚಿಹೋದಾಗ, ಚಂದ್ರತಾಲ್‌ನಲ್ಲಿ ಹಿಮಕ್ಕೆ ಸಿಲುಕಿದ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ದಿನಗಟ್ಟಲೆ ಹೆಣಗಿ ಹೊರತರಬೇಕಾಯಿತು. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿಯೊಳಗೆ ಮಳೆ ಕಡಿಮೆ ಎಂಬ ಮಾತನ್ನು ಕೇಳಿ ಹೊರಡುವವರು ಅಲ್ಲಿಗೆ ಹೋಗುವ ಎರಡೂ ದಾರಿಗಳು ಮಳೆನಾಡಿನ ಮೂಲಕವೇ ಹಾಯುತ್ತವೆ ಎಂಬುದನ್ನು ಮರೆಯುತ್ತಾರೆ. ಆ ಎರಡು ತಿಂಗಳು ಬಿಟ್ಟು ಹೋಗಿ, ಬೆಳಗ್ಗೆ ಬೇಗ ಹೊರಟು ಕತ್ತಲಾಗುವ ಮೊದಲೇ ಊರು ಸೇರಿ, ಮಳೆ ಹಿಡಿದರೆ ಇದ್ದಲ್ಲೇ ನಿಲ್ಲಿ. ಹಾಗೆ ನಿಲ್ಲಲು ಸಾಧ್ಯವಾಗುವುದು ಕೈಯಲ್ಲಿ ಮಿಕ್ಕ ದಿನಗಳಿದ್ದಾಗ ಮಾತ್ರ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಮಳೆಗಾಲವಲ್ಲದ ತಿಂಗಳಲ್ಲೂ ಈ ಎತ್ತರದಲ್ಲಿ ಹವೆ ಎಷ್ಟು ಬೇಗ ತಿರುಗಬಹುದು ಎಂಬುದನ್ನು ನಾವು ಅಷ್ಟು ಹತ್ತಿರದಿಂದ ಕಂಡಿದ್ದೇವೆ. ಕುಂಜುಂ ದಾಟಿದ ಮರುದಿನವೇ ಚಂಡೀಗಢದಿಂದ ವಿಮಾನ ಹಿಡಿಯುವಂತೆ ಟಿಕೆಟ್ ತೆಗೆಯಬೇಡಿ.

ಖರ್ಚು ಹೆಚ್ಚಾಗುತ್ತದೆ ಎಂಬ ಮಾತಿಗೆ ಹೆಚ್ಚು ಜಾಗ ಬೇಡ. ನಿಧಾನದ ದಾರಿಯಲ್ಲಿ ಹಿಮಾಚಲ ಸಾರಿಗೆಯ ಬಸ್ಸುಗಳೇ ಸಾಕಾಗುತ್ತವೆ. ಶಿಮ್ಲಾದಿಂದ ಕಿನ್ನೌರಿನ ರೆಕಾಂಗ್ ಪಿಯೊವರೆಗೆ ಹಲವು, ಅಲ್ಲಿಂದ ಬೆಳಗಿನ ಜಾವ ಕಾಜಾಕ್ಕೆ ಬಸ್ಸುಂಟು. ಆತುರದ ಪ್ರವಾಸಕ್ಕೆ ಇಡೀ ವಾರ ಬಾಡಿಗೆ ಗಾಡಿ ಬೇಕು. ರಾತ್ರಿ ತಂಗುವುದು ಹಳ್ಳಿಯ ಹೋಂಸ್ಟೇಗಳಲ್ಲಾದರೆ ಹಣ ನೇರ ಆ ಮನೆಗೇ ಸೇರುತ್ತದೆ. 2011ರ ಜನಗಣತಿಯಲ್ಲಿ ಇಡೀ ಲಾಹೌಲ್–ಸ್ಪಿತಿ ಜಿಲ್ಲೆಯ ಜನಸಂಖ್ಯೆ 31,564. ಬಾರ್ಲಿ, ಬಟಾಣಿ ಬೆಳೆದು ಹಿಮಕರಗಿದ ನೀರಿನಲ್ಲಿ ಬದುಕುವ ಆ ಜನರಿಗೆ ಒಂದು ಹಗಲು ಬಂದುಹೋಗುವ ನೂರು ಗಾಡಿಗಳಿಗಿಂತ ನಾಲ್ಕು ದಿನ ಉಳಿಯುವ ಕೆಲವರಿಂದಲೇ ಹೆಚ್ಚು ಉಪಯೋಗ. ಬಟ್ಟೆ ಬೆಚ್ಚಗಿರಲಿ, ನಗದು ಹಣ ಸಾಕಷ್ಟು ಇರಲಿ. ಯಶವಂತಪುರದಿಂದ ಚಂಡೀಗಢದವರೆಗೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ. ಭಾರತೀಯ ನಾಗರಿಕರಿಗೆ ಈ ದಾರಿಯಲ್ಲಿ ಪರವಾನಗಿ ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ಬಂಧುಗಳು ಜೊತೆಗಿದ್ದರೆ, ಟಿಬೆಟ್ ಗಡಿಗೆ ಹತ್ತಿರವಿರುವ ಕಿನ್ನೌರ್–ತಾಬೊ ನಡುವಿನ ಭಾಗಕ್ಕೆ ಅವರ ಪರವಾನಗಿಯನ್ನು ಶಿಮ್ಲಾದಲ್ಲೋ ರೆಕಾಂಗ್ ಪಿಯೊದಲ್ಲೋ ಮೊದಲೇ ಮಾಡಿಸಿಕೊಳ್ಳಿ.

ಮುಂದಿನ ಬೇಸಿಗೆಗೋ ದಸರೆಗೋ ಯೋಜನೆ ಹಾಕುತ್ತಿರುವವರು ಒಂದು ಕೆಲಸ ಮಾಡಿ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಒಂದು ಹಾಳೆಯಲ್ಲಿ ಪ್ರತಿ ರಾತ್ರಿ ಮಲಗುವ ಊರು, ಅದರ ಎದುರು ಅದರ ಎತ್ತರ ಬರೆಯಿರಿ. 3,000 ಮೀಟರ್ ಮೇಲೆ ಎಲ್ಲಾದರೂ 500 ಮೀಟರಿಗಿಂತ ದೊಡ್ಡ ಜಿಗಿತ ಕಂಡರೆ ಅಲ್ಲೊಂದು ರಾತ್ರಿ ಸೇರಿಸಿ. ಸೇರಿಸಲು ರಜೆ ಇಲ್ಲದಿದ್ದರೆ ಕೊನೆಯ ಊರನ್ನು ಹೊಡೆದುಹಾಕಿ, ಮಧ್ಯದ ರಾತ್ರಿಯನ್ನಲ್ಲ.